ರಿಪೋರ್ಟೆಲ್ಲಾ ನಾರ್ಮಲ್, ಅಮ್ಮನ ಮೈಕೈ ನೋವು ಮಾತ್ರ ಹೋಗ್ತಿಲ್ಲ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮಮ್ಮನಿಗೆ 54 ವರ್ಷ, ಶುಗರ್ ಬಂದು ಎಂಟು ವರ್ಷ ಆಯ್ತು, ದಿನಾ ಮೆಟ್‌ಫಾರ್ಮಿನ್ ತಗೋತಾರೆ. ಆರು ತಿಂಗಳಿಂದ ಮೈಕೈ ನೋವು, ಎದೆ ಭಾರ, ಸುಸ್ತು ಅಂತಾನೇ ಇರ್ತಾರೆ, ಬೆಳಗಿನ ಜಾವ ಮೂರಕ್ಕೆಲ್ಲಾ ಎಚ್ಚರ ಆದ್ರೆ ಮತ್ತೆ ನಿದ್ದೆ ಬರಲ್ಲ. ಇಸಿಜಿ, ಎಕೋ, ಸ್ಕ್ಯಾನಿಂಗ್ ಎಲ್ಲಾ ನಾರ್ಮಲ್. ಮುಂಚೆ ಧಾರಾವಾಹಿ ಒಂದಿನಾನೂ ತಪ್ಪಿಸ್ತಿರಲಿಲ್ಲ, ಈಗ ಟಿವಿ ಹಾಕಿದ್ರೂ ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ. ಒಬ್ಬ ಡಾಕ್ಟ್ರು ಇದು ಡಿಪ್ರೆಶನ್ ಅಂತ ಮಾತ್ರೆ ಬರೆದುಕೊಟ್ರು, ಅಪ್ಪ "ಅವಳಿಗೇನು ಹುಚ್ಚಾ" ಅಂತ ತಗೊಳ್ಳೋಕೆ ಬಿಡ್ಲಿಲ್ಲ. ಅಮ್ಮನೂ ನಂಗೇನು ಬೇಜಾರಿಲ್ಲ, ನೋವಷ್ಟೇ ಅಂತಾರೆ. ಬೇಜಾರೇ ಇಲ್ದೆ ಡಿಪ್ರೆಶನ್ ಬರುತ್ತಾ? ಆ ಮಾತ್ರೆ ಅಭ್ಯಾಸ ಆಗಿಬಿಡುತ್ತಾ?
– ಹೆಸರು ಬೇಡ, ತಿಪಟೂರು

ಉತ್ತರ: ಬರುತ್ತೆ, ನಮ್ಮ ಕಡೆ ಹೆಂಗಸರಲ್ಲಿ ಅದು ಹೀಗೆ ಬರೋದೇ ಜಾಸ್ತಿ. ಮನಸ್ಸಿಗೆ ಬೇಜಾರು ಅಂತ ಯಾರೂ ಆಸ್ಪತ್ರೆಗೆ ಬರಲ್ಲ, ಮೈಕೈ ನೋವು, ಎದೆ ಉರಿ, ತಲೆಭಾರ, ಕೈಕಾಲಲ್ಲಿ ಶಕ್ತಿನೇ ಇಲ್ಲ ಅಂತ ಬರ್ತಾರೆ. ಸ್ಕ್ಯಾನಿಂಗಲ್ಲಿ ಏನೂ ಕಾಣ್ಲಿಲ್ಲ ಅಂದ್ರೆ ನೋವು ಸುಳ್ಳು ಅಂತ ಅಲ್ಲ. ನಮ್ಮ ಮೂಡ್ ಜೊತೆ ಸಂಬಂಧ ಇರೋ ಸೆರೊಟೋನಿನ್, ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕಗಳೇ ಬೆನ್ನುಹುರಿಯಲ್ಲಿ ಮೇಲೆ ಬರೋ ನೋವಿನ ಸಿಗ್ನಲ್ಲನ್ನ ತಗ್ಗಿಸೋ ಕೆಲಸಾನೂ ಮಾಡ್ತವೆ, ಅಲ್ಲಿ ಏರುಪೇರಾದ್ರೆ ಸಣ್ಣ ನೋವೂ ದೊಡ್ಡದಾಗಿ ಕಾಡುತ್ತೆ. ನಿಮ್ಮಮ್ಮ ನಾಟಕ ಮಾಡ್ತಿಲ್ಲ, ದಯವಿಟ್ಟು ಮನೇಲಿ ಯಾರೂ ಹಾಗೆ ಅನ್ನಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ಸಿದ್ದು ನೋವಿಗಿಂತ ಆ ಟಿವಿ ವಿಷಯ. ಇಷ್ಟಪಡ್ತಿದ್ದದ್ರಲ್ಲೇ ಆಸಕ್ತಿ ಹೋಗೋದು, ಜಾವದಲ್ಲೇ ಎಚ್ಚರ ಆಗೋದು, ಸುಸ್ತು, ಇವೆಲ್ಲಾ ಎರಡು ವಾರಕ್ಕಿಂತ ಜಾಸ್ತಿ ಹೆಚ್ಚುಕಮ್ಮಿ ದಿನಾ ಇದ್ರೆ ಡಿಪ್ರೆಶನ್ ಇರಬಹುದು ಅಂತ ನೋಡಲೇಬೇಕು, ಅಳು ಬರ್ದೇ ಇದ್ರೂ ಸರಿ. ಶುಗರ್ ಇರೋರಲ್ಲಿ ಇದು ಬೇರೆಯವರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ. ಮನಸ್ಸು ಕುಗ್ಗಿದಾಗ ವಾಕಿಂಗ್ ನಿಲ್ಲುತ್ತೆ, ಊಟ ಹೊತ್ತಿಗೆ ಸರಿಯಾಗಿ ಆಗಲ್ಲ, ಮಾತ್ರೆ ತಪ್ಪುತ್ತೆ, ಜೊತೆಗೆ ಕಾರ್ಟಿಸಾಲ್ ಅನ್ನೋ ಹಾರ್ಮೋನು ಏರಿ ಅದೂ ಶುಗರ್ ಏರಿಸುತ್ತೆ, ಶುಗರ್ ಏರಿದ್ರೆ ಸುಸ್ತು ಇನ್ನೂ ಜಾಸ್ತಿ, ಹೀಗೆ ಒಂದನ್ನೊಂದು ಎಳ್ಕೊಂಡು ಹೋಗ್ತವೆ. ಅದಕ್ಕೇ ಎರಡಕ್ಕೂ ಒಟ್ಟಿಗೇ ಟ್ರೀಟ್‌ಮೆಂಟ್ ಆಗಬೇಕು.

ಹಾಗಂತ ಎಲ್ಲಾನೂ ಡಿಪ್ರೆಶನ್ ತಲೆ ಮೇಲೆ ಹಾಕೋದೂ ಸರಿಯಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡ್ರೆ ಬಿ12 ಅನ್ನೋ ವಿಟಮಿನ್ ಕಮ್ಮಿ ಆಗಬಹುದು, ಬರೀ ಸಸ್ಯಾಹಾರಿಗಳಾಗಿದ್ರೆ ಇನ್ನೂ ಜಾಸ್ತಿ, ಆಗ ಸುಸ್ತು, ಕೈಕಾಲು ಜೋಮು, ಮಂಕುತನ ಎಲ್ಲಾ ಬರುತ್ತೆ. ಥೈರಾಯ್ಡ್ ಕಮ್ಮಿ ಇದ್ರೂ, ರಕ್ತ ಕಮ್ಮಿ ಇದ್ರೂ ಹೀಗೇ. ಅದಕ್ಕೆ ಬಿ12, ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್), ಹಿಮೋಗ್ಲೋಬಿನ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ) ಈ ನಾಲ್ಕು ರಕ್ತಪರೀಕ್ಷೆ ಮಾಡಿಸಿ, ಆದ್ರೆ ಮೆಟ್‌ಫಾರ್ಮಿನ್ ನೀವಾಗೇ ನಿಲ್ಲಿಸಬೇಡಿ. ಎದೆ ಭಾರ ಏಕ್ದಂ ಜಾಸ್ತಿ ಆದ್ರೆ, ಬೆವರು, ಏದುಸಿರು ಬಂದ್ರೆ ಹಳೇ ಇಸಿಜಿ ನಾರ್ಮಲ್ ಇತ್ತಲ್ಲ ಅಂತ ಸುಮ್ನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಶುಗರ್ ಇರೋ ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಲಕ್ಷಣ ಎಷ್ಟೋ ಸಲ ಸ್ಪಷ್ಟವಾಗಿ ಗೊತ್ತಾಗಲ್ಲ.

ಮಾತ್ರೆ ವಿಷಯ. ಡಿಪ್ರೆಶನ್ ಮಾತ್ರೆನೂ ನಿದ್ದೆ ಮಾತ್ರೆನೂ ಒಂದೇ ಅಂದ್ಕೊಳ್ಳೋರು ತುಂಬಾ ಜನ. ಆಲ್ಪ್ರಜೋಲಮ್ ಥರದ ನಿದ್ದೆ ಮಾತ್ರೆ ಅಭ್ಯಾಸ ಆಗುತ್ತೆ ನಿಜ, ಡಿಪ್ರೆಶನ್ ಮಾತ್ರೆಗಳು ಆ ರೀತಿ ಚಟ ಹತ್ತಿಸಲ್ಲ, ಆದ್ರೆ ಏಕ್ದಂ ನಿಲ್ಲಿಸಬಾರದು, ಡಾಕ್ಟ್ರು ಹೇಳಿದ ಹಾಗೆ ನಿಧಾನಕ್ಕೆ ಕಮ್ಮಿ ಮಾಡಬೇಕು. ಮೊದಲ ವಾರ ಹೊಟ್ಟೆ ತೊಳೆಸಿದ ಹಾಗೆ ಆಗಬಹುದು, ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು, ಹುಷಾರಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದ್ರೂ ಮುಂದುವರಿಸಬೇಕು. ಡುಲೋಕ್ಸೆಟಿನ್ ಅನ್ನೋ ಮಾತ್ರೆನ ಡಿಪ್ರೆಶನ್‌ಗೂ ಕೊಡ್ತಾರೆ, ಶುಗರ್‌ನಿಂದ ಬರೋ ನರದ ನೋವಿಗೂ ಕೊಡ್ತಾರೆ. ಇದನ್ನ ನಿಮ್ಮಪ್ಪನಿಗೆ ಹೇಳಿ, ಮುಂದಿನ ಸಲ ಅವರನ್ನೂ ಕರ್ಕೊಂಡು ಹೋಗಿ ಡಾಕ್ಟ್ರ ಬಾಯಿಂದಾನೇ ಕೇಳಿಸಿ.

ಇನ್ನೊಂದು, ಅಮ್ಮ ಒಬ್ರೇ ಇದ್ದಾಗ "ಬದುಕಿದ್ದು ಏನು ಪ್ರಯೋಜನ ಅಂತ ಅನ್ಸುತ್ತಾ ಅಮ್ಮಾ, ಸಾಯೋ ಯೋಚನೆ ಬರುತ್ತಾ" ಅಂತ ನೇರವಾಗೇ ಕೇಳಿ. ಕೇಳೋದ್ರಿಂದ ಇಲ್ಲದ ಯೋಚನೆ ಹುಟ್ಟಲ್ಲ. ಹೌದು ಅಂದ್ರೆ ಒಬ್ರನ್ನೇ ಬಿಡಬೇಡಿ, ಅವತ್ತೇ ತೋರಿಸಿ. 14416 ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರು, ದುಡ್ಡು ಕೊಡಬೇಕಿಲ್ಲ, 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ಅಮ್ಮ ಮಾತಾಡಲ್ಲ ಅಂದ್ರೆ ನೀವೇ ಫೋನ್ ಮಾಡಿ ಕೇಳಬಹುದು.