ಕಪ್ಪು ಬಟ್ಟಲಿನ ಬೆಳ್ಳಿ ಚುಕ್ಕಿ

ಪ್ರಶ್ನೆ: ಒಸಾಕಾದ ಮ್ಯೂಸಿಯಂನಲ್ಲಿರುವ ಚೀನಾದ ಹಳೇ ಚಹಾ ಬಟ್ಟಲಿನ ಫೋಟೋ ನೋಡಿದೆ. ಕಪ್ಪು ಮೈ ತುಂಬ ಬೆಳ್ಳಿ ಚುಕ್ಕಿಗಳು. ಬೆಳ್ಳಿಯನ್ನೇ ಕರಗಿಸಿ ಹಚ್ಚುತ್ತಿದ್ದರಾ?

ಉತ್ತರ: ಇಲ್ಲ. ಅದು ಕಬ್ಬಿಣದ ಕೆಲಸ. ಆ ಚುಕ್ಕಿಗಳನ್ನು ಯಾರೂ ಕುಂಚ ಹಿಡಿದು ಇಟ್ಟದ್ದೂ ಅಲ್ಲ, ಮಡಕೆ ಬೇಯಿಸುವ ಆವಿಗೆಯೊಳಗೆ ತಾವಾಗಿಯೇ ಮೂಡಿದವು.

ಇವು ಸಾಂಗ್ ರಾಜರ ಕಾಲದಲ್ಲಿ ಫುಜಿಯಾನ್ ಪ್ರಾಂತ್ಯದ ಜಿಯಾನ್ ಆವಿಗೆಗಳಲ್ಲಿ ಬೆಂದ ಬಟ್ಟಲುಗಳು. ಅಲ್ಲಿನ ಮಣ್ಣಿನಲ್ಲೂ ಗ್ಲೇಜಿನಲ್ಲೂ (ಪಾತ್ರೆಗೆ ಬಳಿಯುವ, ಬೆಂದಾಗ ಗಾಜಿನಂತಾಗುವ ಲೇಪ) ಕಬ್ಬಿಣ ಜಾಸ್ತಿ. ಗ್ಲೇಜಿನಲ್ಲಿ ಶೇ 5ಕ್ಕೂ ಹೆಚ್ಚು ಐರನ್ ಆಕ್ಸೈಡ್ ಇರುತ್ತದೆ. ಶಾಖ 1,200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಆಕ್ಸೈಡ್ ಸ್ವಲ್ಪ ಆಕ್ಸಿಜನ್ ಬಿಟ್ಟುಕೊಡುತ್ತದೆ. ಅಷ್ಟರಲ್ಲಿ ಗ್ಲೇಜ್ ಕರಗಿ ಮಂದ ಪಾಕದಂತಾಗಿರುತ್ತದೆ. ಅದರೊಳಗಿಂದ ಆ ಆಕ್ಸಿಜನ್‌ನ ಗುಳ್ಳೆಗಳು ಮೇಲೇಳುವಾಗ ಸುತ್ತಲಿನ ಕಬ್ಬಿಣವನ್ನೂ ಎಳೆದು ತರುತ್ತವೆ. ಗುಳ್ಳೆ ಒಡೆದ ಜಾಗದಲ್ಲಿ ಕಬ್ಬಿಣ ಗುಂಪುಗೂಡುತ್ತದೆ. ಆವಿಗೆ ಆರುವಾಗ ಅಲ್ಲೇ ತೆಳ್ಳಗೆ ಹರಳು ಕಟ್ಟುತ್ತದೆ. ನಿಮಗೆ ಬೆಳ್ಳಿಯಂತೆ ಕಂಡದ್ದು ಆ ಹರಳಿನ ಪದರ.

ಬೆಂಕಿ ಇನ್ನೂ ಜೋರಾದರೆ ಗ್ಲೇಜ್ ಕೆಳಕ್ಕೆ ಹರಿದು ಚುಕ್ಕಿಗಳು ಉದ್ದುದ್ದ ಗೆರೆಗಳಾಗುತ್ತವೆ. ಮೊಲದ ರೋಮದಂಥ ಕಂದು ಗೆರೆಗಳ ಬಟ್ಟಲುಗಳು ಹೀಗೇ ಹುಟ್ಟಿದವು. ಅವುಗಳ ಬುಡದ ಫೋಟೋ ಸಿಕ್ಕರೆ ದೊಡ್ಡದು ಮಾಡಿ ನೋಡಿ. ಹರಿದ ಗ್ಲೇಜ್ ಪಾದದ ಸ್ವಲ್ಪ ಮೇಲೆ ದಪ್ಪ ಹನಿಯಾಗಿ ನಿಂತಿರುತ್ತದೆ. ಅದರ ಕೆಳಗೆ ಒರಟು ಕಪ್ಪು ಮಣ್ಣು ಬರಿದಾಗಿ ಕಾಣುತ್ತದೆ. ನನಗಂತೂ ಚುಕ್ಕಿಗಿಂತ ಆ ಹನಿಯೇ ಇಷ್ಟ, ಬೆಂಕಿ ಎಲ್ಲಿಗೆ ನಿಂತಿತು ಅಂತ ಅದರಲ್ಲೇ ಗೊತ್ತಾಗುತ್ತದೆ.

ಈ ಬಟ್ಟಲುಗಳ ಚೂರುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಬೆಳ್ಳಿ ಚುಕ್ಕಿಯಲ್ಲಿ ಎಪ್ಸಿಲಾನ್ ಐರನ್ ಆಕ್ಸೈಡ್ ಸಿಕ್ಕಿತು. 2014ರಲ್ಲಿ ಇದು ಪ್ರಕಟವಾಯಿತು. ಇದು ಐರನ್ ಆಕ್ಸೈಡಿನ ತೀರಾ ಅಪರೂಪದ ರೂಪ. ಇವತ್ತಿನ ಲ್ಯಾಬ್‌ಗಳಲ್ಲೂ ಇದನ್ನು ಶುದ್ಧವಾಗಿ, ದೊಡ್ಡ ಹರಳಾಗಿ ಬೆಳೆಸುವುದು ಕಷ್ಟ. ಸೌದೆ ಉರಿಯ ಆವಿಗೆಯಲ್ಲಿ ಆ ಕುಂಬಾರರಿಗೆ ಅದು ಒದಗಿತ್ತು!

ಕಬ್ಬಿಣ ಅಂದರೆ ಕಪ್ಪೇ ಅಂತ ಅಂದುಕೊಳ್ಳಬೇಡಿ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಲಾಂಗ್‌ಚುವಾನ್‌ನ ಹಸಿರು ಪಾತ್ರೆಗಳಿಗೂ ಕಬ್ಬಿಣವೇ ಬಣ್ಣ. ಅಲ್ಲಿ ಗ್ಲೇಜಿಗೆ ಸೇರುವುದು ಶೇ 1ರಿಂದ 3ರಷ್ಟು ಮಾತ್ರ. ಗಾಳಿ ಕಡಿಮೆ ಮಾಡಿ ಹೊಗೆಯಲ್ಲಿ ಬೇಯಿಸಿದಾಗ ಅದು ಹರಳಾಗದೆ ಗಾಜಿನಲ್ಲೇ ಕರಗಿ ಉಳಿಯುತ್ತದೆ, ತಿಳಿ ಹಸಿರು ಬರುತ್ತದೆ. ಅದೇ ಪಾತ್ರೆಗೆ ಬೇಯುವಾಗ ಗಾಳಿ ಜಾಸ್ತಿ ತಾಗಿದರೆ ಹಸಿರು ಹೋಗಿ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ.