ಎಲ್‌ಕೆಜಿಗೆ ಮೊದಲು ಬೆಳವಣಿಗೆಯ ತಪಾಸಣೆ: ಓದುಗರ ಪ್ರಶ್ನೆಗಳು

ಪ್ರಶ್ನೆ: ಮಗಳಿಗೆ ಜೂನ್‌ಗೆ 4 ತುಂಬುತ್ತದೆ. ಎಲ್‌ಕೆಜಿಗೆ ಸೇರಿಸುವ ಮುಂಚೆ ‘ಸ್ಕ್ರೀನಿಂಗ್’ ಮಾಡಿಸಿ ಎಂದು ಮಕ್ಕಳ ಡಾಕ್ಟರ್ ಹೇಳಿದ್ದಾರೆ. ಓಡಾಡುತ್ತಾಳೆ, ಚೆನ್ನಾಗಿ ಮಾತಾಡುತ್ತಾಳೆ. ಆದರೂ ಬೇಕೇ? ಏನೇನು ಕೇಳುತ್ತಾರೆ ಅಂತ ತಿಳಿದರೆ ಕಲಿಸಿಕೊಂಡು ಹೋಗಬಹುದಲ್ಲ?
– ಒಬ್ಬ ತಾಯಿ, ದಾವಣಗೆರೆ

ಬೇಕು. ಕಲಿಸಿಕೊಂಡು ಮಾತ್ರ ಹೋಗಬೇಡಿ. ಇದರಲ್ಲಿ ಪಾಸು-ಫೇಲು ಇಲ್ಲ. ಇದೊಂದು ಜರಡಿ. ಜರಡಿಯಲ್ಲಿ ಉಳಿದ ಮಗುವಿಗೆ ತೊಂದರೆ ಇದ್ದೇ ಇದೆ ಎಂದಲ್ಲ, ಇನ್ನೊಮ್ಮೆ ನಿಧಾನವಾಗಿ ನೋಡಬೇಕು ಎಂದಷ್ಟೇ. ಬಾಯಿಪಾಠ ಮಾಡಿಸಿದರೆ ಜರಡಿಯ ಕಣ್ಣನ್ನೇ ಮುಚ್ಚಿದಂತೆ.

ನಾಲ್ಕರ ಸುಮಾರಿಗೆ ನೋಡುವುದು ಇವನ್ನು: ಒಂಟಿ ಕಾಲಲ್ಲಿ ಎರಡು-ಮೂರು ಸೆಕೆಂಡ್ ನಿಲ್ಲುತ್ತಾಳೆಯೇ, ದೊಡ್ಡ ಚೆಂಡು ಎಸೆದರೆ ಹಿಡಿಯುತ್ತಾಳೆಯೇ, ಬಳಪವನ್ನು ಮುಷ್ಟಿಯಲ್ಲಿ ಹಿಡಿಯದೆ ಬೆರಳಲ್ಲಿ ಹಿಡಿಯುತ್ತಾಳೆಯೇ, ಕೂಡಿಸುವ ಚಿಹ್ನೆ ಬರೆದು ತೋರಿಸಿದರೆ ನೋಡಿ ಬರೆಯುತ್ತಾಳೆಯೇ, ನಾಲ್ಕು ಪದದ ವಾಕ್ಯ ಆಡುತ್ತಾಳೆಯೇ, ಇವತ್ತು ನಡೆದದ್ದು ಒಂದಾದರೂ ಹೇಳುತ್ತಾಳೆಯೇ, ಬೇರೆ ಮಕ್ಕಳ ಜೊತೆ ಸೇರಿ ‘ಅಡುಗೆ ಆಟ’ದಂಥ ನಟನೆ ಆಡುತ್ತಾಳೆಯೇ. ಮನೆಯವರಲ್ಲದವರಿಗೂ ಅವಳ ಮಾತು ಬಹುಪಾಲು ಅರ್ಥವಾಗಬೇಕು. ‘ರ’ ಬದಲು ‘ಲ’ ಬಂದರೆ ಈ ವಯಸ್ಸಿಗೆ ಗಾಬರಿ ಬೇಡ. ವೃತ್ತ ಮೂರರ ಸುಮಾರಿಗೆ ಬರುತ್ತದೆ, ಚೌಕ ನಾಲ್ಕೂವರೆಗೆ, ತ್ರಿಕೋನ ಐದಕ್ಕೆ. ಹಾಗಾಗಿ ತ್ರಿಕೋನ ಬರಲಿಲ್ಲ ಎಂದು ಈಗಲೇ ಅವಳನ್ನು ಅಳಿಸಬೇಡಿ. ಕಲಿಸಬೇಡಿ ಅಂದರೆ ಕೈಗೆ ಬಳಪವನ್ನೇ ಕೊಡಬೇಡಿ ಎಂದಲ್ಲ. ಬಳಪವನ್ನೇ ಮುಟ್ಟದ ಮಗು ಸುಮ್ಮನೆ ಹಿಂದುಳಿದಂತೆ ಕಾಣುತ್ತದೆ.

ತಪಾಸಣೆಯ ಲೆಕ್ಕ ತಪ್ಪುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಮಧ್ಯಾಹ್ನ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಕರೆತರುವುದು, ಹಸಿದಿರುವುದು, ಜ್ವರ. ಎಲ್ಲಕ್ಕಿಂತ ಹೆಚ್ಚಾಗಿ ಮಗು ಬಾಯಿ ತೆರೆಯುವ ಮುನ್ನ ಅಮ್ಮನೋ ಅಜ್ಜಿಯೋ ಉತ್ತರ ಹೇಳಿಬಿಡುವುದು. ಬೆಳಿಗ್ಗೆ ತಿಂಡಿ ಆದ ಮೇಲೆ ಹೋಗಿ. ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಮನೆಯಲ್ಲಿ ಆಡುವಾಗ ತೆಗೆದ ಎರಡು ನಿಮಿಷದ ಮೊಬೈಲ್ ವಿಡಿಯೊ ಇಟ್ಟುಕೊಂಡಿರಿ. ಹೊಸಬರ ಮುಂದೆ ಬಾಯಿ ಬಿಡದ ಮಗುವಿಗೆ ಆ ವಿಡಿಯೊನೇ ಸಾಕ್ಷಿ.

ಕಣ್ಣನ್ನು ಒಂದೊಂದಾಗಿ ಪರೀಕ್ಷಿಸಿದರೇ ಎಂದು ಗಮನಿಸಿ. ಎರಡೂ ಕಣ್ಣು ತೆರೆದಿದ್ದರೆ ಮಗು ಒಳ್ಳೆಯ ಕಣ್ಣೊಂದರಲ್ಲೇ ಸಂಸಾರ ತೂಗಿಸುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಕಣ್ಣು ಬಳಕೆ ತಪ್ಪಿ ಮಂದವಾಗುತ್ತದೆ. ಏಳು ವರ್ಷದೊಳಗೆ ಸಿಕ್ಕರೆ ಕನ್ನಡಕ, ಕಣ್ಣಿನ ಪಟ್ಟಿಯಿಂದ ಸರಿಹೋಗುವ ಸಾಧ್ಯತೆ ಹೆಚ್ಚು, ಆಮೇಲೆ ಕಷ್ಟ. ಅಂಗೈಯಿಂದ ಕಣ್ಣು ಮುಚ್ಚಿಸಿದರೆ ಮಕ್ಕಳು ಬೆರಳ ಸಂದಿಯಿಂದ ಇಣುಕುತ್ತವೆ. ಪಟ್ಟಿ ಅಂಟಿಸುವುದೇ ಸರಿ. ಅಕ್ಷರ ಬಾರದಿದ್ದರೆ ಅಡ್ಡಿಯಿಲ್ಲ, ಮನೆ, ಸೇಬು, ವೃತ್ತ, ಚೌಕದ ಚಾರ್ಟ್ ಇರುತ್ತದೆ.

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಬಿಡಿ ಬಿಡಿ 15–20 ಪದ ಅಷ್ಟೇ. ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ. ‘ಅವರಪ್ಪನಿಗೂ ಮಾತು ತಡವಾಗಿಯೇ ಬಂತು, ಬಜೆ ತೇಯ್ದು ನೆಕ್ಕಿಸಿ’ ಅಂತ ಅತ್ತೆ ಹೇಳುತ್ತಾರೆ.
– ಚಳ್ಳಕೆರೆ

ಕಾಯಬೇಡಿ. ಎರಡು ವರ್ಷಕ್ಕೆ ಎರಡು ಪದ ಜೋಡಿಸಿ ಆಡಬೇಕು, ಮೂರಕ್ಕೆ ಸಣ್ಣ ವಾಕ್ಯ. ನಿಮ್ಮ ಮಗ ಅದಕ್ಕಿಂತ ಬಹಳ ಹಿಂದಿದ್ದಾನೆ. ಎರಡು ಭಾಷೆ ಇದಕ್ಕೆ ಕಾರಣವಲ್ಲ. ಲೆಕ್ಕ ಹಾಕುವಾಗ ತೆಲುಗಿನ ‘ನೀಳ್ಳು’, ಕನ್ನಡದ ‘ನೀರು’ ಎರಡನ್ನೂ ಎಣಿಸಿ. ತಪಾಸಣೆಗೆ ತೆಲುಗು ಬಲ್ಲವರು ಜೊತೆಗಿರಲಿ, ಬಾರದ ಭಾಷೆಯಲ್ಲಿ ಕೇಳಿದರೆ ಯಾವ ಮಗುವೂ ಸುಮ್ಮನಿರುತ್ತದೆ. ಬಜೆಯಿಂದ ಮಾತು ಬರುವುದಿಲ್ಲ. ಅತ್ತೆಯವರಿಗೆ ನೋವಾಗದಂತೆ ಹೇಳಿ, ಅಷ್ಟೇ.

ಮೊದಲು ಕಿವಿ ತೋರಿಸಿ. ‘ಬಾಗಿಲು ಬಡಿದರೆ ತಿರುಗುತ್ತಾನೆ’ ಎನ್ನುವುದು ಸಾಲದು. ನೆಗಡಿ ಮತ್ತೆ ಮತ್ತೆ ಬರುವ ಮಕ್ಕಳಲ್ಲಿ ಕಿವಿಪರದೆಯ ಹಿಂದೆ ನೀರು ನಿಲ್ಲುತ್ತದೆ. ದೊಡ್ಡ ಸದ್ದು ಕೇಳಿಸುತ್ತದೆ, ‘ಸ’, ‘ತ’ದಂಥ ಮೆಲುದನಿ ಮಸುಕಾಗುತ್ತದೆ. ಈ ವಯಸ್ಸಿಗೆ ಸದ್ದು ಕೇಳಿದಾಗಲೆಲ್ಲ ಗುಂಡು ಡಬ್ಬಿಗೆ ಹಾಕುವ ಆಟದಂತೆ ಆಡಿಯೋಮೆಟ್ರಿ, ಅಂದರೆ ಕೇಳುವ ಶಕ್ತಿಯ ಪರೀಕ್ಷೆ ಮಾಡುತ್ತಾರೆ, ಸಹಕರಿಸದಿದ್ದರೆ ಮಲಗಿಸಿ, ಸದ್ದಿಗೆ ಕಿವಿಯ ನರ ಸ್ಪಂದಿಸುವುದನ್ನು ಅಳೆಯುವ ಬೆರಾ ಪರೀಕ್ಷೆ. ಗುಗ್ಗೆ ಕಟ್ಟಿದ್ದರೆ ಮೊದಲು ತೆಗೆಸಿ. ಕಿವಿ ಸರಿಯಿದ್ದರೆ ಹೆಸರು ಕರೆದಾಗ ನೋಡುವುದು, ಬೆರಳು ತೋರಿಸಿ ಕೇಳುವುದು ಇವೆಯೇ ಎಂದು ನೋಡುತ್ತಾರೆ. ಅವೂ ಇಲ್ಲದಿದ್ದರೆ ಆಟಿಸಂ ಇದೆಯೇ ಎಂದು ಬೇರೆಯಾಗಿ ಪರೀಕ್ಷಿಸಬೇಕು. ನಿಮಗೆ ಹತ್ತಿರದಲ್ಲಿ ದಾವಣಗೆರೆಯ ಕೇಂದ್ರ ಸರ್ಕಾರಿ ಪುನರ್ವಸತಿ ಕೇಂದ್ರ ಸಿಆರ್‌ಸಿ ಇದೆ. ಇನ್ನೂ ವಿವರವಾಗಿ ಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.

ಪ್ರಶ್ನೆ: ಒಂದನೇ ತರಗತಿಗೆ ಸೇರಿಸಲು ಹೋದರೆ, ಸ್ಕ್ರೀನಿಂಗ್ ವರದಿ ಚೆನ್ನಾಗಿದ್ದರೆ ಮಾತ್ರ ಸೀಟು ಎಂದರು. ಸರಿಯೇ?
– ಹರಿಹರ

ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರವೇಶದ ವೇಳೆ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿದೆ. ನಿರಾಕರಣೆಯನ್ನು ಬರಹದಲ್ಲಿ ಕೇಳಿ. ಸಾಮಾನ್ಯವಾಗಿ ಅಲ್ಲಿಗೇ ಮಾತು ಬದಲಾಗುತ್ತದೆ, ಇಲ್ಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಅರ್ಜಿ ಕೊಡಿ.

ಪ್ರಶ್ನೆ: ಮಗು ಅಂಗನವಾಡಿಗೆ ಹೋಗುವುದಿಲ್ಲ. ಉಚಿತ ತಪಾಸಣೆ ಎಲ್ಲಿ?
– ಹೊಸದುರ್ಗ

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಖಾಸಗಿ ಎಲ್‌ಕೆಜಿಗೆ ಹೋಗುವ ಮಕ್ಕಳು ತಪ್ಪಿಹೋಗುವುದು ಇಲ್ಲೇ. ಆಶಾ ಕಾರ್ಯಕರ್ತೆಯನ್ನು ಕೇಳಿ ತಂಡ ಬರುವ ದಿನ ತಿಳಿದುಕೊಂಡು, ಅವತ್ತು ಓಣಿಯ ಅಂಗನವಾಡಿಗೆ ಕರೆದೊಯ್ಯಿರಿ. ಕಾಯಲು ಆಗದಿದ್ದರೆ ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಓಪಿಡಿ ಚೀಟಿ ಮಾಡಿಸಿ. ತಂಡ ಬೇರೆಡೆಗೆ ಕಳುಹಿಸಿದರೆ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕಾಗದ ಕಳೆದರೆ ಮತ್ತೆ ಮೊದಲಿನಿಂದ ಸರದಿ.