ಕರಿ ನಾಯಿಯ ಮುಖ ಎಲ್ಲಿ ಹೋಯಿತು?

ಸಾಕುಪ್ರಾಣಿಗಳ ಫೋಟೋ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ನನ್ನ ಬೆನ್ನು ಬಿಡುತ್ತಲೇ ಇಲ್ಲ. ಕಲಬುರಗಿ, ಬೀದರ್, ಸುರಪುರ ಅಂತ ಊರು ಬದಲಾಗುತ್ತದೆ, ಪ್ರಶ್ನೆ ಅದೇ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಕರಿ ನಾಯಿ, ಭಾಳ ತುಂಟ. ಫೋಟೋದಲ್ಲಿ ಮಾತ್ರ ಬರೀ ಕರಿ ಗುಡ್ಡೆ ಕಾಣುತ್ತದೆ, ಕಣ್ಣು ಮೂತಿ ಏನೂ ಗೊತ್ತಾಗಲ್ಲ. ಅದರ ಸ್ವಭಾವ ಫೋಟೋದಲ್ಲಿ ಬರಬೇಕು. ಯಾವ ಆ್ಯಪ್ ಹಾಕಲಿ? (ಕಲಬುರಗಿ)

ಆ್ಯಪ್ ಬೇಡ, ಫಿಲ್ಟರ್ ಬೇಡ. ಇನ್ನೊಬ್ಬರು ಯಾರದೋ ಮಾತು ಕೇಳಿ ನಾಯಿ ಮುಖಕ್ಕೆ ಟಾಲ್ಕಂ ಪೌಡರ್ ಹಚ್ಚಿ ಫೋಟೋ ಕಳಿಸಿದ್ದಾರೆ. ದಯವಿಟ್ಟು ಹೀಗೆಲ್ಲ ಮಾಡಬೇಡಿ. ಅದು ಮೂಗಿಗೂ ಹೋಗುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ನನಗೆ ಬರುವ ಕರಿ ನಾಯಿ ಫೋಟೋಗಳೆಲ್ಲ ಹೆಚ್ಚುಕಡಿಮೆ ಸುಣ್ಣದ ಗೋಡೆಯ ಮುಂದೆ, ಮಟಮಟ ಮಧ್ಯಾಹ್ನ, ನಿಂತುಕೊಂಡೇ ತೆಗೆದವು. ಮೂರೂ ತಪ್ಪು. ಫೋನು ಇಡೀ ಚಿತ್ರದ ಬೆಳಕನ್ನು ಅಂದಾಜು ಮಾಡಿ ಒಂದು ಸರಾಸರಿಗೆ ತರಲು ನೋಡುತ್ತದೆ. ಬಿಳಿ ಗೋಡೆ ಜಾಸ್ತಿ ಇದ್ದರೆ ಬೆಳಕು ಅತಿಯಾಯಿತು ಎಂದುಕೊಂಡು ಎಲ್ಲವನ್ನೂ ತಗ್ಗಿಸುತ್ತದೆ, ಆಗ ನಾಯಿಯ ಮುಖ ಮಾಯ. ಉಲ್ಟಾ, ಫ್ರೇಮ್ ತುಂಬ ನಾಯಿಯೇ ಇದ್ದರೆ ಅತಿಯಾಗಿ ಬೆಳಗಿಸಿ ಕರಿಯನ್ನು ಬೂದಿ ಮಾಡುತ್ತದೆ. ಆದ್ದರಿಂದ ಪರದೆಯ ಮೇಲೆ ನಾಯಿಯ ಮುಖ ಒತ್ತಿ ಹಿಡಿಯಿರಿ, ಲಾಕ್ ಆಗುತ್ತದೆ. ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದಲ್ಲ, ಅದನ್ನು ರೋಮದ ಎಳೆ ಕಾಣುವ ತನಕ ಸರಿಸಿ. ಹಿಂದಿನ ಗೋಡೆ ಬೆಳ್ಳಗೆ ಸುಟ್ಟುಹೋದರೆ ಹೋಗಲಿ, ನೀವು ಗೋಡೆಯ ಫೋಟೋ ತೆಗೆಯುತ್ತಿಲ್ಲ.

ಬೆಳಕು ಪಕ್ಕದಿಂದ ಬರಬೇಕು. ಬೀದರಿನವರು ಇದನ್ನು ಕೇಳಿದಾಗಲಂತೂ ನನಗೆ ಆಶ್ಚರ್ಯ. ಬಿದ್ರಿ ಹೂಜಿಯನ್ನು ಕಿಟಕಿ ಪಕ್ಕ ಹಿಡಿದು ನಿಧಾನ ತಿರುಗಿಸಿ ನೋಡಿಲ್ವಾ? ಅಷ್ಟು ಕರ್ರಗಿದ್ದರೂ ಅದರ ಮೈತಿರುವು ಕಾಣುವುದು ಅಂಚಿನಲ್ಲಿ ಹರಿಯುವ ಹೊಳಪಿನಿಂದ. ಕರಿ ರೋಮದ್ದೂ ಅದೇ ಲೆಕ್ಕ.

ಇದಕ್ಕೆ ಬಾಗಿಲಿಗಿಂತ ಒಳ್ಳೆಯ ಜಾಗ ಇಲ್ಲ. ನಾಯಿ ಹೊಸ್ತಿಲಿನಿಂದ ಒಂದೆರಡು ಅಡಿ ಒಳಗೆ, ಮುಖ ಹೊರಗೆ. ನೀವು ಹೊರಗೆ, ಸ್ವಲ್ಪ ಓರೆಯಾಗಿ. ಬಿಸಿಲು ನೇರ ಬೀಳಬಾರದು, ಆಕಾಶದ ಬೆಳಕು ಮಾತ್ರ ಬರಬೇಕು. ನಮ್ಮ ಕಡೆ ಅಂಗಳಕ್ಕೆಲ್ಲ ಶಹಾಬಾದ್ ಪರಸಿ ಹಾಸಿರುತ್ತಾರಲ್ಲ, ಆ ಬೂದು ಕಲ್ಲು ಕೆಳಗಿನಿಂದ ಗದ್ದಕ್ಕೂ ಎದೆಗೂ ಬೆಳಕು ಎಸೆಯುತ್ತದೆ. ಸ್ಟುಡಿಯೋದವರು ದುಡ್ಡು ಕೊಟ್ಟು ತರುವ ರಿಫ್ಲೆಕ್ಟರ್ ನಿಮ್ಮ ಅಂಗಳದಲ್ಲೇ ಬಿದ್ದಿದೆ. ಕಣ್ಣಿನಲ್ಲಿ ಬಾಗಿಲ ಬೆಳಕು ಚುಕ್ಕಿಯಾಗಿ ಕಂಡರೆ ಆಗ ಕ್ಲಿಕ್ ಮಾಡಿ.

ಆದರೆ ಬೇಸಿಗೆಯಲ್ಲಿ ಅದೇ ಪರಸಿ ಕಾವಲಿ ಆಗುತ್ತದೆ. ಅಂಗೈಯ ಹಿಂಬದಿ ಇಟ್ಟು ನೋಡಿ, ಏಳು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯನ್ನು ಅಲ್ಲಿ ನಿಲ್ಲಿಸಬೇಡಿ, ಪಾದ ಸುಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟಾದ ಮೇಲೆ ನಾನು ಹೊರಗೆ ಕ್ಯಾಮೆರಾ ತೆಗೆಯುವುದೇ ಇಲ್ಲ, ಯಾರು ಎಷ್ಟು ಗೋಗರೆದರೂ ಅಷ್ಟೇ. ಕರಿ ಮೈ ಬಿಸಿಲನ್ನು ಇನ್ನೂ ಜಾಸ್ತಿ ಹೀರುತ್ತದೆ. ನಾಲಿಗೆ ಉದ್ದ ಚಾಚಿ ಏದುಸಿರು ಬಿಡುತ್ತಿರುವ ನಾಯಿಯ ಫೋಟೋಗೆ "ನಗುತ್ತಿದ್ದಾನೆ ನೋಡಿ" ಎಂದು ಬರೆಯುತ್ತೀರಿ. ಅದು ನಗು ಅಲ್ಲ ರೀ, ಸೆಕೆ.

ಇನ್ನು ಸ್ವಭಾವ. ತುಂಟ ಅಂದಿರಿ, ಏನು ತುಂಟತನ ಅಂತ ಬರೆದೇ ಇಲ್ಲ. ಚಪ್ಪಲಿ ಕದಿಯುತ್ತದಾ? ಮಗು ಮಲಗಿದ ಮಂಚದ ಕೆಳಗೇ ಮಲಗುತ್ತದಾ? ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾದ ಕೂಡಲೇ ಎಲ್ಲಿದ್ದರೂ ಕಿವಿ ನಿಮಿರಿಸಿ ಓಡಿಬರುತ್ತದಾ? ಬರುತ್ತದೆ ಎಂದಾದರೆ ಅದು ದಿನಾ ಬಂದು ಕೂರುವ ಜಾಗದ ಎದುರು ನೀವು ಮೊದಲೇ ಹೋಗಿ ನೆಲಕ್ಕೆ ಕುಳಿತಿರಿ, ಕ್ಯಾಮೆರಾ ಅದರ ಕಣ್ಣಿನ ಮಟ್ಟಕ್ಕೆ ಇರಲಿ, ಬೇಕಾದರೆ ಅಂಗಾತವೋ ಬೋರಲೋ ಮಲಗಿ, ಯಾರು ನಕ್ಕರೂ ತಲೆ ಕೆಡಿಸಿಕೊಳ್ಳಬೇಡಿ. ನಾಯಿಯನ್ನು ಫೋಟೋದ ಜಾಗಕ್ಕೆ ಎಳೆದು ತರುವುದನ್ನು ಮೊದಲು ಬಿಡಿ. ಮನೆಮಂದಿಯೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿ "ಈ ಕಡೆ ನೋಡು, ಈ ಕಡೆ ನೋಡು" ಎಂದರೆ ಅದು ತುಟಿ ನೆಕ್ಕುತ್ತದೆ, ಕಿವಿ ಹಿಂದಕ್ಕೆ ಮಡಚುತ್ತದೆ, ಕಣ್ಣಿನ ಬಿಳಿ ಕಾಣಿಸುತ್ತದೆ. ಅಂದರೆ ಗಾಬರಿಯಾಗಿದೆ, ಸಾಕು ಮಾಡಿ. ಕೂಲಿಂಗ್ ಗ್ಲಾಸ್, ಟೋಪಿ ಹಾಕಿಸಿದವರಿಗೆ ನಾನು ಉತ್ತರ ಬರೆಯುವುದಿಲ್ಲ.

ರೊಟ್ಟಿ ಹೊತ್ತಿಗೆ ಅಂದರೆ ಸಂಜೆ, ಟ್ಯೂಬ್‌ಲೈಟ್ ಇರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದರಲ್ಲಿ ಟ್ಯೂಬ್‌ಲೈಟೂ ಅಗ್ಗದ ಎಲ್ಇಡಿ ಬಲ್ಬೂ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್, ಅಂದರೆ ಕ್ಯಾಮೆರಾ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಹೊತ್ತು, ಅದಕ್ಕಿಂತ ಚುರುಕಾದರೆ ಚಿತ್ರದಲ್ಲಿ ಅಡ್ಡಡ್ಡ ಪಟ್ಟಿ ಬರುತ್ತದೆ. ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/100 ಸೆಕೆಂಡಿಗೆ ಇಟ್ಟು, ಸಾಲಾಗಿ ಹತ್ತಾರು ಫೋಟೋ ಹೊಡೆಯಿರಿ. ಓಟದ ಚಿತ್ರ ಬೇಕಿದ್ದರೆ ಹಗಲಲ್ಲಿ 1/500ಕ್ಕಿಂತ ನಿಧಾನ ಬೇಡ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಆಫ್ ಮಾಡಿ, ಮೀಸೆ, ಕಿವಿಯ ಕೂದಲನ್ನು ಅದು ತಿಂದುಹಾಕುತ್ತದೆ.

ಹಂಚಿಕೊಳ್ಳುವಾಗ ಮೇಲೆ ಬರೆಯುವ ಸಾಲೂ ಮುಖ್ಯ. "ನಾನು ಅಪ್ಪನ ಮುದ್ದು ಬಂಗಾರ" ಎಂದು ನಾಯಿಯ ಬಾಯಲ್ಲಿ ಹೇಳಿಸಬೇಡಿ, ಎಲ್ಲ ನಾಯಿಗಳೂ ಅದನ್ನೇ ಹೇಳುತ್ತಿವೆ. "ಮೊದಲ ರೊಟ್ಟಿ ತನ್ನದೇ ಎಂದುಕೊಂಡಿದ್ದಾನೆ" ಎಂದರೆ ಅದು ನಿಮ್ಮ ಮನೆಯ ನಾಯಿ. ಕೊರಳಪಟ್ಟಿಯ ಮೇಲಿನ ಫೋನ್ ನಂಬರ್ ಮಾತ್ರ ಅಳಿಸಿಯೇ ಹಾಕಿ.

ಯಾವ ಫೋನ್ ಕೊಳ್ಳಲಿ? (ಯಾದಗಿರಿ)

ಇರುವ ಫೋನಿನ ಲೆನ್ಸ್ ಒರೆಸಿ.

ಬೀದರ್ ಕೋಟೆ ಪೂರ್ತಿ ಬರಬೇಕು, ಮುಂದೆ ನಮ್ಮ ಪೊಮೆರೇನಿಯನ್ನೂ ಕಾಣಬೇಕು.

ಎರಡರಲ್ಲಿ ಒಂದು ಆರಿಸಿ.

ಬೆಕ್ಕು ಕರೆದರೆ ಕ್ಯಾಮೆರಾ ನೋಡುವುದಿಲ್ಲ.

ನೋಡುವುದಿಲ್ಲ.

ಸಾಕಿದ ಗಿಳಿಯ ಚೆಂದದ ಫೋಟೋ ಹೇಗೆ?

ನಮ್ಮ ಕಾಡು ಗಿಳಿಯನ್ನು ಮನೆಯಲ್ಲಿ ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಫೋಟೋ ಹಾಕಿದರೆ ನೀವೇ ಸಾಕ್ಷಿ ಕೊಟ್ಟಂತೆ. ನಕ್ಷತ್ರ ಆಮೆ ಇಟ್ಟುಕೊಂಡವರಿಗೂ ಇದೇ ಉತ್ತರ.

ಬರ್ತ್‌ಡೇ ಫೋಟೋ ಹಾಕಿದ ಮರುದಿನದಿಂದ ನಾಯಿ ವಾಂತಿ ಮಾಡುತ್ತಿದೆ. ದೃಷ್ಟಿ ತೆಗೆಸಿದರೂ ಕಡಿಮೆ ಆಗಿಲ್ಲ. (ಸೇಡಂ)

ಫೋಟೋ ನೋಡಿದೆ. ನಾಯಿಯ ಮೂತಿಗೆ ಚಾಕೊಲೇಟ್ ಕೇಕ್ ಮೆತ್ತಿಕೊಂಡಿದೆ. ಚಾಕೊಲೇಟಿನಲ್ಲಿ ಥಿಯೋಬ್ರೋಮಿನ್ ಇರುತ್ತದೆ, ನಾಯಿಗೆ ಅದು ವಿಷ. ಮೆಣಸಿನಕಾಯಿ ಸುಟ್ಟರೆ ಇಳಿಯುವುದಿಲ್ಲ. ಇದನ್ನು ಓದುತ್ತಾ ಕೂರದೆ ಪಶು ಆಸ್ಪತ್ರೆಗೆ ಹೋಗಿ.

ಶೂಟ್ ದಿನ ನಾಯಿ ಸುಮ್ನೆ ಕೂರಲಿ ಎಂದು ಪರಿಚಯದ ಅಂಗಡಿಯವರು ಒಂದು ಹನಿ ಕೊಟ್ಟಿದ್ದಾರೆ. ಹಾಕಬಹುದಾ?

ಬೇಡವೇ ಬೇಡ. ಹೆಸರಿಲ್ಲದ ಶೀಸೆಯಲ್ಲಿ ಏನಿದೆಯೋ ಕೊಟ್ಟವರಿಗೂ ಗೊತ್ತಿರುವುದಿಲ್ಲ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಒಂದೇ ಒಂದು ಸಾಕು, ಬೆಕ್ಕಿನ ಜೀವ ಹೋಗಬಹುದು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇಲ್ಲೇ ಬೀದರಿನಲ್ಲಿದೆ, ನೀವು ಔಷಧ ಕೇಳುವುದು ನಾಯಿ ಬೆಲ್ಟ್ ಮಾರುವವರನ್ನು! ಆ ಶೀಸೆಯನ್ನು ಡಾಕ್ಟರಿಗೆ ತೋರಿಸಿ. ಹಾಕಿ ಆಗಿದ್ದರೆ ನಾಯಿಯನ್ನೂ ಜೊತೆಗೆ ಕರೆದೊಯ್ಯಿರಿ, ಶೂಟ್ ರದ್ದು ಮಾಡಿ.